ಎಲೆಕ್ಟ್ರಿಕ್ ಕಾರು ಮತ್ತು ಮಾಲೀಕರ ದೂರುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಇವಿ, ಅಂದರೆ ಎಲೆಕ್ಟ್ರಿಕ್ ವಾಹನ, ಕೊಂಡವರು, ಕೊಳ್ಳಬೇಕೆಂದಿರುವವರು, ಮನೆಯವರ ಒತ್ತಾಯಕ್ಕೆ ಯೋಚಿಸುತ್ತಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಗಾಡಿ ನಿಜವಾಗಿ ಎಲ್ಲಿ ಕೆಡುತ್ತದೆ, ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಕಿಲ್ಲ, ದೂರನ್ನು ಹೇಗೆ ದಾಖಲಿಸಬೇಕು ಎಂಬುದನ್ನು ಆದಷ್ಟು ಬಿಡಿಸಿ ಹೇಳಿದ್ದೇನೆ.

ಎಲೆಕ್ಟ್ರಿಕ್ ಕಾರು ಪೆಟ್ರೋಲ್ ಕಾರಿಗಿಂತ ಹೆಚ್ಚು ಕೆಡುತ್ತದೆಯೇ?

ಯಾವುದನ್ನು ಕೆಡುವುದು ಎನ್ನುತ್ತೀರಿ ಎಂಬುದರ ಮೇಲೆ ಉತ್ತರ ನಿಂತಿದೆ. ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಸಂಸ್ಥೆ ಪ್ರತಿವರ್ಷ ಕಾರು ಮಾಲೀಕರನ್ನೇ ಕೇಳಿ ಲೆಕ್ಕ ಹಾಕುತ್ತದೆ. 2023ರ ವರದಿಯಲ್ಲಿ ಎಲೆಕ್ಟ್ರಿಕ್ ಕಾರುಗಳಿಗೆ ಪೆಟ್ರೋಲ್ ಕಾರುಗಳಿಗಿಂತ ಸರಾಸರಿ 79% ಹೆಚ್ಚು ತೊಂದರೆಗಳು ಕಂಡುಬಂದವು. 2024ರಲ್ಲಿ ಆ ಅಂತರ 42%ಕ್ಕೆ ಇಳಿಯಿತು. ಜರ್ಮನಿಯ ಮೋಟಾರು ಸಂಘ ಎಡಿಎಸಿ, ರಸ್ತೆಯಲ್ಲಿ ನಿಂತ ಗಾಡಿಗಳ ನೆರವಿಗೆ ಹೋಗುವ ಸಂಸ್ಥೆ, 2024ರಲ್ಲಿ ತನಗೆ ಬಂದ ಕರೆಗಳನ್ನು ಲೆಕ್ಕ ಹಾಕಿದಾಗ ಚಿತ್ರ ತಿರುಗುಮುರುಗಾಯಿತು. 2020ರಿಂದ 2022ರೊಳಗೆ ನೋಂದಣಿಯಾದ ಕಾರುಗಳಲ್ಲಿ ಸಾವಿರ ಎಲೆಕ್ಟ್ರಿಕ್ ಕಾರುಗಳಿಗೆ 4.2 ಕರೆ ಬಂದಿದ್ದರೆ, ಸಾವಿರ ಎಂಜಿನ್ ಕಾರುಗಳಿಗೆ 10.4 ಬಂದಿತ್ತು.

ಎರಡೂ ಲೆಕ್ಕ ಸರಿಯೇ. ಮೊದಲನೆಯದು ಸ್ಕ್ರೀನ್ ಸತ್ತುಹೋಗುವುದು, ಚಾರ್ಜಿಂಗ್ ಅರ್ಧಕ್ಕೆ ನಿಲ್ಲುವುದು, ಬಾಗಿಲಿನ ಅಂಚು ಸರಿಯಾಗಿ ಕೂರದಿರುವುದು, ಎಲ್ಲವನ್ನೂ ಎಣಿಸುತ್ತದೆ. ಎರಡನೆಯದು ಗಾಡಿ ನಡುದಾರಿಯಲ್ಲಿ ನಿಂತದ್ದನ್ನಷ್ಟೇ ಎಣಿಸುತ್ತದೆ. ಎಲೆಕ್ಟ್ರಿಕ್ ಕಾರಿನ ಮೋಟಾರು ಗಟ್ಟಿ. ಅದರ ಸುತ್ತ ಇರುವ ಎಲೆಕ್ಟ್ರಾನಿಕ್ಸ್, ಸಾಫ್ಟ್‌ವೇರ್ ಇನ್ನೂ ಪಕ್ವವಾಗಿಲ್ಲ. ಹೊಸ ಮಾಡೆಲ್ ಬಿಡುಗಡೆಯಾದ ಮೊದಲ ವರ್ಷದಲ್ಲೇ ಕೊಳ್ಳುವವರು ಇದನ್ನು ತಿಳಿದೇ ಕೊಳ್ಳಬೇಕು. ಕಾಯಲು ಸಾಧ್ಯವಿದ್ದರೆ ಒಂದು ವರ್ಷ ಕಾಯಿರಿ ಎಂದೇ ನಾನು ಹೇಳುವುದು.

ದಾರಿಯಲ್ಲಿ ನಿಂತುಹೋಗುವ ಇವಿಗಳಲ್ಲಿ ಸಾಮಾನ್ಯವಾಗಿ ಏನು ಕೆಟ್ಟಿರುತ್ತದೆ?

ಬಹುತೇಕರು ಊಹಿಸುವ ದೊಡ್ಡ ಬ್ಯಾಟರಿ ಅಲ್ಲ. ಎಲ್ಲ ಕಾರುಗಳಲ್ಲೂ ಇರುವ ಪುಟ್ಟ 12 ವೋಲ್ಟ್ ಬ್ಯಾಟರಿ. ಎಡಿಎಸಿ ಲೆಕ್ಕದಲ್ಲಿ ಎಲೆಕ್ಟ್ರಿಕ್ ಕಾರುಗಳು ನಿಲ್ಲಲು ಸುಮಾರು ಅರ್ಧದಷ್ಟು ಸಲ ಅದೇ ಕಾರಣ.

ದೊಡ್ಡ ಬ್ಯಾಟರಿಯಲ್ಲಿ 80% ಚಾರ್ಜ್ ಇದ್ದರೂ ಗಾಡಿ ಏಳದಿರುವುದು ಹೇಗೆ ಎಂದು ಜನ ಕಂಗಾಲಾಗುತ್ತಾರೆ. ದೊಡ್ಡ ಬ್ಯಾಟರಿಯನ್ನು ಮೋಟಾರಿಗೆ ಜೋಡಿಸುವ ಕಾಂಟ್ಯಾಕ್ಟರ್ ಎಂಬ ಸ್ವಿಚ್ಚುಗಳು ಸೇರಬೇಕಾದರೆ, ಗಾಡಿಯ ಕಂಪ್ಯೂಟರ್ ಎಚ್ಚರಗೊಳ್ಳಬೇಕಾದರೆ, ಬಾಗಿಲಿನ ಲಾಕ್ ತೆರೆಯಬೇಕಾದರೆ ಬೇಕಾಗುವುದು 12 ವೋಲ್ಟ್. ಪೆಟ್ರೋಲ್ ಕಾರಿನಲ್ಲಿ ಈ ಬ್ಯಾಟರಿ ಸಾಯುವ ಮುನ್ನ ಸ್ಟಾರ್ಟರ್ ಎಳೆದಾಡುವ ಸದ್ದು ಕೇಳಿಸಿ ಸೂಚನೆ ಕೊಡುತ್ತದೆ. ಇವಿಯಲ್ಲಿ ಆ ಸೂಚನೆ ಇಲ್ಲ. ನಿನ್ನೆ ಸರಿಯಿದ್ದ ಗಾಡಿ ಇಂದು ಬೆಳಿಗ್ಗೆ ಮಾತೇ ಆಡುವುದಿಲ್ಲ. ಮೂರು ವರ್ಷ ದಾಟಿದ ಮೇಲೆ ಪ್ರತಿ ಸರ್ವಿಸ್‌ನಲ್ಲೂ 12 ವೋಲ್ಟ್ ಬ್ಯಾಟರಿಯ ಪರೀಕ್ಷೆ ಕೇಳಿ ಮಾಡಿಸಿ. ವಾರಗಟ್ಟಲೆ ಊರಿಗೆ ಹೋಗುವಾಗ ಡ್ಯಾಶ್‌ಕ್ಯಾಮ್, ಟ್ರ್ಯಾಕರ್‌ನಂಥ ಹೊರಗಿನ ಉಪಕರಣಗಳ ಪ್ಲಗ್ ತೆಗೆದುಬಿಡಿ.

ಹ್ಯುಂಡೈ, ಕಿಯಾ ಕಾರುಗಳಲ್ಲಿ ಐಸಿಸಿಯು ಕೆಡುತ್ತದೆ ಎನ್ನುತ್ತಾರಲ್ಲ, ಏನದು?

ಇಂಟಿಗ್ರೇಟೆಡ್ ಚಾರ್ಜಿಂಗ್ ಕಂಟ್ರೋಲ್ ಯೂನಿಟ್ ಎಂಬ ಪೆಟ್ಟಿಗೆ. ಮನೆಯ ಎಸಿ ಕರೆಂಟನ್ನು ಬ್ಯಾಟರಿಗೆ ಬೇಕಾದಂತೆ ಬದಲಿಸುವುದು, ದೊಡ್ಡ ಬ್ಯಾಟರಿಯಿಂದ 12 ವೋಲ್ಟ್ ಬ್ಯಾಟರಿಗೆ ಚಾರ್ಜ್ ಕೊಡುವುದು, ಎರಡೂ ಅದರ ಕೆಲಸ. ಅದು ಹಾನಿಗೊಂಡರೆ 12 ವೋಲ್ಟ್ ಬ್ಯಾಟರಿ ಬರಿದಾಗುತ್ತಾ ಹೋಗಿ, ಓಡುತ್ತಿರುವ ಗಾಡಿಯ ಶಕ್ತಿ ಹಂತಹಂತವಾಗಿ ಕುಗ್ಗಿ, ಕೊನೆಗೆ ನಿಲ್ಲುತ್ತದೆ. ಸೀಟಿನ ಕೆಳಗಿನಿಂದ 'ಟಪ್' ಎಂಬ ಸದ್ದು, ಆಮೇಲೆ ಎಚ್ಚರಿಕೆ ಸಂದೇಶ: ಹಲವು ದೇಶಗಳ ಮಾಲೀಕರು ಹೇಳಿದ್ದು ಹೆಚ್ಚು ಕಡಿಮೆ ಒಂದೇ ಕಥೆ. 2024ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಸುಮಾರು 1.47 ಲಕ್ಷ ಕಾರುಗಳಿಗೆ ರಿಕಾಲ್ ಘೋಷಣೆಯಾಯಿತು, ಅಂದರೆ ದೋಷ ಸರಿಪಡಿಸಲು ಕಂಪನಿಯೇ ಕಾರುಗಳನ್ನು ವಾಪಸ್ ಕರೆಸಿತು. ಅದೇ ವರ್ಷ ಭಾರತದಲ್ಲಿ ಹ್ಯುಂಡೈಯ 1,744 ಅಯಾನಿಕ್ 5, ಕಿಯಾದ 1,138 ಇವಿ6 ಕಾರುಗಳು ರಿಕಾಲ್ ಪಟ್ಟಿಗೆ ಸೇರಿದವು. ಎಡಿಎಸಿ ಪಟ್ಟಿಯಲ್ಲೂ 2022ರ ಅಯಾನಿಕ್ 5 ಸಾವಿರಕ್ಕೆ 22.4ರ ಲೆಕ್ಕದಲ್ಲಿ ನಿಂತಿತ್ತು. ಉಳಿದ ಎಲೆಕ್ಟ್ರಿಕ್ ಕಾರುಗಳ ಸರಾಸರಿಯ ಎದುರು ಅದು ಬಹಳ ಹೆಚ್ಚು.

ಪರಿಹಾರ ಉಚಿತ. ಸಾಫ್ಟ್‌ವೇರ್ ಬದಲಿಸಿ, ಹಾನಿ ಕಂಡರೆ ಯೂನಿಟ್ಟನ್ನೂ ಬದಲಿಸುತ್ತಾರೆ. ಹೆದ್ದಾರಿಯಲ್ಲಿ ಇಂಥ ಸಂದೇಶ ಬಂದರೆ 'ಇನ್ನೊಂದು ಹತ್ತು ಕಿಲೋಮೀಟರ್ ಹೋಗಿಬಿಡೋಣ' ಎನ್ನಬೇಡಿ. ಇಂಡಿಕೇಟರ್ ಹಾಕಿ ಎಡಕ್ಕೆ ಸರಿಯಿರಿ.

ಬೆಂಕಿ ಹೊತ್ತಿಕೊಳ್ಳುವ ಭಯ ಎಷ್ಟು ನಿಜ?

ಸಂಖ್ಯೆಯ ದೃಷ್ಟಿಯಿಂದ ನೋಡಿದರೆ ಕಡಿಮೆ. ಸ್ವೀಡನ್ನಿನ ನಾಗರಿಕ ರಕ್ಷಣಾ ಸಂಸ್ಥೆಯ ಪ್ರಕಾರ 2022ರಲ್ಲಿ ಅಲ್ಲಿದ್ದ ಸುಮಾರು 6.1 ಲಕ್ಷ ಎಲೆಕ್ಟ್ರಿಕ್ ಮತ್ತು ಪ್ಲಗ್‌ಇನ್ ಹೈಬ್ರಿಡ್ ಕಾರುಗಳಲ್ಲಿ ಬೆಂಕಿಗೆ ಸಿಕ್ಕಿದ್ದು 23. ಪೆಟ್ರೋಲ್, ಡೀಸೆಲ್ ಕಾರುಗಳಲ್ಲಿ ಪ್ರಮಾಣ ಹಲವು ಪಟ್ಟು ಹೆಚ್ಚಿತ್ತು. ಆ ಕಾರುಗಳಲ್ಲಿ ಹಳೆಯವು ಬಹಳ, ಎಲೆಕ್ಟ್ರಿಕ್ ಕಾರುಗಳು ಹೊಸವು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಆದರೆ ಅಪರೂಪ ಎಂದಮಾತ್ರಕ್ಕೆ ಭಯ ಸುಳ್ಳಾಗುವುದಿಲ್ಲ. ಲಿಥಿಯಂ ಬ್ಯಾಟರಿಯ ಒಂದು ಸೆಲ್ ಒಳಗೇ ಶಾರ್ಟ್ ಆಗಿ ಕಾದರೆ, ಆ ಶಾಖ ಪಕ್ಕದ ಸೆಲ್ಲಿಗೆ, ಅಲ್ಲಿಂದ ಮುಂದಿನದಕ್ಕೆ ಹಬ್ಬುತ್ತದೆ. ನಿಲ್ಲಿಸಿಟ್ಟ ಗಾಡಿಯಲ್ಲೂ ಇದು ಆಗಬಹುದು. ನೀರು ಹೊಯ್ದು ಆರಿಸಿದ ಮೇಲೂ ಮತ್ತೆ ಹೊತ್ತಿಕೊಳ್ಳಬಹುದು. ಸುಡುವ ಮುನ್ನ ಬರುವ ಹೊಗೆ ವಿಷಕಾರಿ.

ಅಂಥ ಬೆಂಕಿಗೆ ಕಾರಣ ಪತ್ತೆಯಾದ ಉದಾಹರಣೆ ಇದೆಯೇ?

ಎರಡು ಪ್ರಕರಣಗಳನ್ನು ಪ್ರತಿಯೊಬ್ಬ ಇವಿ ಮಾಲೀಕರೂ ತಿಳಿದಿರಬೇಕು.

ಹ್ಯುಂಡೈ ಕೋನಾ ಎಲೆಕ್ಟ್ರಿಕ್ ಕಾರುಗಳಲ್ಲಿ ಬೆಂಕಿಯ ವರದಿಗಳು ಬಂದಾಗ 2020ರ ಕೊನೆಯಲ್ಲಿ ಕಂಪನಿ ಕಾರುಗಳನ್ನು ಕರೆಸಿ ಬ್ಯಾಟರಿ ನಿರ್ವಹಣೆಯ ಸಾಫ್ಟ್‌ವೇರ್ ಬದಲಿಸಿತು. ಭಾರತದಲ್ಲೂ ಆ ಡಿಸೆಂಬರ್‌ನಲ್ಲಿ 456 ಕೋನಾಗಳನ್ನು ತಪಾಸಣೆಗೆ ಕರೆಸಲಾಯಿತು. 2021ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಡೇಗು ನಗರದಲ್ಲಿ ಆ ಹೊಸ ಸಾಫ್ಟ್‌ವೇರ್ ಹಾಕಿಸಿಕೊಂಡಿದ್ದ ಕಾರೊಂದು ಸುಟ್ಟುಹೋಯಿತು. ಮರುತಿಂಗಳೇ ಜಗತ್ತಿನಾದ್ಯಂತ ಸುಮಾರು 82,000 ವಾಹನಗಳ ಬ್ಯಾಟರಿ ಬದಲಿಸುವ ನಿರ್ಧಾರವಾಯಿತು. ಚೀನಾದ ನಾನ್‌ಜಿಂಗ್‌ನಲ್ಲಿ ಎಲ್‌ಜಿ ತಯಾರಿಸಿದ ಕೆಲವು ಸೆಲ್‌ಗಳಲ್ಲಿ ಆನೋಡ್ (ಸೆಲ್ಲಿನ ಋಣ ಧ್ರುವ) ಪಟ್ಟಿ ಮಡಚಿಕೊಂಡಿದ್ದದ್ದು ತನಿಖೆಯಲ್ಲಿ ಕಂಡ ದೋಷ.

ಅಮೆರಿಕದ ಎಲೆಕ್ಟ್ರಿಕ್ ಕಾರು ಷೆವರ್ಲೆ ಬೋಲ್ಟ್‌ನ ಕಥೆಯೂ ಹೀಗೇ. 2020ರ ನವೆಂಬರ್‌ನಲ್ಲಿ ಮೊದಲ ರಿಕಾಲ್, ಸಾಫ್ಟ್‌ವೇರ್ ದುರಸ್ತಿ. ದುರಸ್ತಿಯಾದ ಕಾರುಗಳಲ್ಲೂ ಬೆಂಕಿ. 2021ರ ಆಗಸ್ಟ್ ಹೊತ್ತಿಗೆ ತಯಾರಾಗಿದ್ದ ಎಲ್ಲ ಬೋಲ್ಟ್‌ಗಳೂ, ಸುಮಾರು 1.4 ಲಕ್ಷ, ರಿಕಾಲ್‌ಗೆ ಬಂದವು. ಹರಿದ ಆನೋಡ್ ಪಟ್ಟಿ, ಎರಡು ಧ್ರುವಗಳನ್ನು ಬೇರೆಯಾಗಿಡುವ ಸೆಪರೇಟರ್ ಪದರ ಮಡಚಿರುವುದು, ಎರಡೂ ಒಂದೇ ಸೆಲ್ಲಿನಲ್ಲಿ ಸೇರಿದರೆ ಅಪಾಯ. ಬ್ಯಾಟರಿ ಬದಲಾಗುವವರೆಗೆ 90% ಮೀರಿ ಚಾರ್ಜ್ ಮಾಡಬೇಡಿ, ಮನೆಯೊಳಗೆ ರಾತ್ರಿಯಿಡೀ ಚಾರ್ಜಿಗೆ ಬಿಡಬೇಡಿ, ಬೇರೆ ಕಾರುಗಳಿಂದ 50 ಅಡಿ ದೂರ ನಿಲ್ಲಿಸಿ ಎಂದು ಕಂಪನಿಯೇ ಹೇಳಬೇಕಾಯಿತು. ಲಕ್ಷಾಂತರ ರೂಪಾಯಿ ಕೊಟ್ಟ ಕಾರನ್ನು ಬಯಲಲ್ಲಿ ಒಂಟಿಯಾಗಿ ನಿಲ್ಲಿಸಿ ಮಲಗಬೇಕಾದ ಕುಟುಂಬಗಳ ಸ್ಥಿತಿ ನೆನೆದರೆ ಸಂಕಟವಾಗುತ್ತದೆ.

ಎರಡೂ ಕಡೆ ಬ್ಯಾಟರಿ ಬದಲಿಸುವ ನಿರ್ಧಾರವಾದದ್ದು ದುರಸ್ತಿಯಾದ ಕಾರುಗಳಲ್ಲೂ ಬೆಂಕಿ ಕಾಣಿಸಿಕೊಂಡ ಮೇಲೆ. 'ಅಪ್‌ಡೇಟ್ ಮಾಡಿದ್ದೇವೆ, ಇನ್ನು ಸರಿ' ಎಂದ ಮೇಲೂ ಅದೇ ಲಕ್ಷಣ ಕಂಡರೆ ಅದನ್ನು ಹೊಸ ದೂರಾಗಿ ಬರೆಸಿ.

ಭಾರತದಲ್ಲಿ ಕಾರಿಗೆ ಬೆಂಕಿ ಬಿದ್ದದ್ದು ಇದೆಯೇ? ಆಮೇಲೆ ಏನಾಯಿತು?

2022ರ ಜೂನ್‌ನಲ್ಲಿ ಮುಂಬೈ ಬಳಿಯ ವಸಾಯಿಯಲ್ಲಿ ಟಾಟಾ ನೆಕ್ಸಾನ್ ಇವಿಯೊಂದು ಹೊತ್ತಿ ಉರಿದ ವಿಡಿಯೊ ದೇಶವೆಲ್ಲ ಹರಡಿತು. ಯಾರಿಗೂ ಗಾಯವಾಗಲಿಲ್ಲ. ಕೇಂದ್ರ ಸರ್ಕಾರ ತನಿಖೆಗೆ ಆದೇಶಿಸಿತು. ಆ ಹೊಣೆ ಪಡೆದವರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಇತ್ತು. ಅದೇ ಬೇಸಿಗೆಯಲ್ಲಿ ಎಲೆಕ್ಟ್ರಿಕ್ ಸ್ಕೂಟರ್‌ಗಳ ಸರಣಿ ಬೆಂಕಿಯೂ ಸೇರಿಕೊಂಡು, ಬ್ಯಾಟರಿ ಸುರಕ್ಷತೆಯ ಮಾನದಂಡ ಬಿಗಿಯಾಯಿತು. ಕಾರುಗಳಿಗೆ ಅನ್ವಯಿಸುವ ಎಐಎಸ್-038ರ ತಿದ್ದುಪಡಿ 2022ರ ಡಿಸೆಂಬರ್ ಮತ್ತು 2023ರ ಮಾರ್ಚ್‌ನಲ್ಲಿ ಎರಡು ಹಂತಗಳಲ್ಲಿ ಜಾರಿಗೆ ಬಂತು. ಒಂದು ಸೆಲ್ ಕೆಟ್ಟರೆ ಶಾಖ ಹೇಗೆ ಹಬ್ಬುತ್ತದೆ ಎಂಬ ಪರೀಕ್ಷೆಯೂ ಅದರಲ್ಲಿ ಸೇರಿದೆ. ಸೆಕೆಂಡ್ ಹ್ಯಾಂಡ್ ಇವಿ ಕೊಳ್ಳುವವರು ತಯಾರಿಕೆಯ ತಿಂಗಳು ನೋಡಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್‌ನಲ್ಲಿ ಇವಿ ನಿಲ್ಲಿಸಬೇಡಿ ಎನ್ನುತ್ತಿದ್ದಾರೆ. ಸರಿಯೇ?

ಭಯ ಹುಟ್ಟಿಸಿದ ಘಟನೆ ದಕ್ಷಿಣ ಕೊರಿಯಾದ ಇಂಚಾನ್‌ನದು. 2024ರ ಆಗಸ್ಟ್ 1ರ ಬೆಳಗಿನ ಜಾವ ವಸತಿ ಸಮುಚ್ಚಯದ ನೆಲಮಾಳಿಗೆಯಲ್ಲಿ ನಿಲ್ಲಿಸಿದ್ದ ಮರ್ಸಿಡಿಸ್ ಇಕ್ಯೂಇ ಹೊತ್ತಿಕೊಂಡಿತು. ಅದು ಚಾರ್ಜ್ ಆಗುತ್ತಿರಲಿಲ್ಲ. ಸುಮಾರು 140 ಕಾರುಗಳು ಹಾನಿಗೊಂಡವು, 23 ಜನ ಹೊಗೆಯಿಂದ ಅಸ್ವಸ್ಥರಾದರು. ಆಮೇಲೆ ತಿಳಿದ ಸಂಗತಿ ಇನ್ನೂ ಕಹಿ: ಬೆಂಕಿಯ ಸೂಚನೆ ಬಂದಾಗ ಸಿಬ್ಬಂದಿಯೊಬ್ಬರು ಸ್ಪ್ರಿಂಕ್ಲರ್ ವ್ಯವಸ್ಥೆಯನ್ನು ನಿಲ್ಲಿಸಿದ್ದರು.

ಹಾಗಾಗಿ ನಿಮ್ಮ ಸಂಘದ ಸಭೆಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಇವಿ ಇರಬೇಕೇ ಬೇಡವೇ ಎಂಬುದಲ್ಲ. ಬೇಸ್‌ಮೆಂಟ್‌ನ ಸ್ಪ್ರಿಂಕ್ಲರ್‌ನಲ್ಲಿ ನೀರು ಬರುತ್ತದೆಯೇ? ಹೊಗೆ ಹೊರಹಾಕುವ ಫ್ಯಾನ್ ಓಡುತ್ತದೆಯೇ? ರಾತ್ರಿ ಪಾಳಿಯ ಸೆಕ್ಯುರಿಟಿಯವರಿಗೆ ಅಲಾರಂ ಬಂದರೆ ಏನು ಮಾಡಬೇಕೆಂದು ಯಾರಾದರೂ ಹೇಳಿಕೊಟ್ಟಿದ್ದಾರೆಯೇ? ಬೆಂಗಳೂರಿನ ಎಷ್ಟೋ ಕಟ್ಟಡಗಳಲ್ಲಿ ಈ ಮೂರಕ್ಕೂ ನೆಟ್ಟಗೆ ಉತ್ತರ ಸಿಗುವುದಿಲ್ಲ, ಪೆಟ್ರೋಲ್ ಕಾರಿಗೆ ಬೆಂಕಿ ಬಿದ್ದರೂ ಅದು ಅಪಾಯವೇ. ಚಾರ್ಜಿಂಗ್ ಜಾಗವನ್ನು ರ‍್ಯಾಂಪಿನ ಹತ್ತಿರ, ಹೊರಗಾಳಿ ಬರುವ ಕಡೆ ಮಾಡಿಕೊಳ್ಳುವುದು ಒಳ್ಳೆಯದು. ಪೂರ್ತಿ ನಿಷೇಧಿಸಿದರೆ ಜನ ಕಿಟಕಿಯಿಂದ ವೈರ್ ಎಳೆದು ಚಾರ್ಜ್ ಮಾಡುತ್ತಾರೆ. ಅದು ಇನ್ನೂ ಕೆಟ್ಟದ್ದು.

ಎಲ್‌ಎಫ್‌ಪಿ ಬ್ಯಾಟರಿ ಸುರಕ್ಷಿತ, ಎನ್‌ಎಂಸಿ ಅಪಾಯ: ನಿಜವೇ?

ಎಲ್‌ಎಫ್‌ಪಿ ಎಂದರೆ ಲಿಥಿಯಂ ಐರನ್ ಫಾಸ್ಫೇಟ್. ಅದು ಹೆಚ್ಚು ಶಾಖ ತಡೆಯುತ್ತದೆ, ಸುಲಭಕ್ಕೆ ಕೆರಳುವುದಿಲ್ಲ. ನಿಕಲ್ ಇರುವ ಎನ್‌ಎಂಸಿ ಅಷ್ಟೇ ತೂಕಕ್ಕೆ ಹೆಚ್ಚು ದೂರ ಕೊಡುತ್ತದೆ. ವಸಾಯಿಯಲ್ಲಿ ಸುಟ್ಟ ಮಾಡೆಲ್‌ನಲ್ಲಿದ್ದದ್ದು ಎಲ್‌ಎಫ್‌ಪಿಯೇ. ಆದ್ದರಿಂದ 'ನಮ್ಮದಕ್ಕೆ ಬೆಂಕಿಯೇ ಬೀಳುವುದಿಲ್ಲ' ಎಂದು ಮಾರಾಟದವರು ಹೇಳಿದರೆ ಒಪ್ಪಬೇಡಿ. ಎಲ್‌ಎಫ್‌ಪಿ ಇರುವವರು ಕಂಪನಿ ಹೇಳಿದಷ್ಟು ದಿನಕ್ಕೊಮ್ಮೆ ಪೂರ್ತಿ 100% ಚಾರ್ಜ್ ಮಾಡಬೇಕು. ಇಲ್ಲವಾದರೆ ಉಳಿದ ಚಾರ್ಜಿನ ಅಂದಾಜು ತಪ್ಪುತ್ತದೆ. '20% ಇದ್ದಾಗಲೇ ಗಾಡಿ ನಿಂತಿತು' ಎಂಬ ದೂರುಗಳಲ್ಲಿ ಕೆಲವಕ್ಕೆ ಇದೇ ಮೂಲ.

ಹೇಳಿದಷ್ಟು ಮೈಲೇಜ್ ಬರುವುದೇ ಇಲ್ಲ. ಇದು ದೋಷವೇ, ಮೋಸವೇ?

ದೆಹಲಿಯಲ್ಲಿ ಇದು ಕೋರ್ಟಿನವರೆಗೂ ಹೋಯಿತು. 312 ಕಿ.ಮೀ. ಎಂದು ಘೋಷಿಸಿದ್ದ ನೆಕ್ಸಾನ್ ಇವಿ ತನಗೆ 200 ಕಿ.ಮೀ.ಯನ್ನೂ ಕೊಡುತ್ತಿಲ್ಲ ಎಂದು ಮಾಲೀಕರೊಬ್ಬರು ದೂರಿದರು. 2021ರ ಮಾರ್ಚ್‌ನಲ್ಲಿ ದೆಹಲಿ ಸರ್ಕಾರ ಆ ಮಾಡೆಲ್‌ನ ಸಬ್ಸಿಡಿಯನ್ನು ತಡೆಹಿಡಿಯಿತು, ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಪ್ರಯೋಗಾಲಯದ ಪರೀಕ್ಷೆಯ ಸಂಖ್ಯೆಗೂ ನಮ್ಮ ರಸ್ತೆಗೂ ಅಂತರ ಇದ್ದೇ ಇರುತ್ತದೆ. ಟಾಟಾ ಕಂಪನಿಯೇ ಈಗ ಸಿ75 ಎಂಬ, ರಸ್ತೆಗೆ ಹತ್ತಿರದ ಸಂಖ್ಯೆಯನ್ನೂ ಕೊಡುತ್ತದೆ. ಘೋಷಿತ ದೂರದ ಮೂರನೇ ಎರಡರಷ್ಟು ಎಂದು ಲೆಕ್ಕ ಹಾಕಿಯೇ ಊರಿಗೆ ಹೊರಡಿ. ಶಿರಾಡಿ, ಚಾರ್ಮಾಡಿಯಂಥ ಘಾಟಿ ಹತ್ತುವಾಗ ಅದಕ್ಕೂ ಕಡಿಮೆ.

ದೋಷ ಎನ್ನಬೇಕಾದದ್ದು ಬೇರೆ: ಅದೇ ದಾರಿ, ಅದೇ ವೇಗದಲ್ಲಿ ಕೆಲವೇ ತಿಂಗಳಲ್ಲಿ ದೂರ ತಟ್ಟನೆ ಕುಸಿದರೆ ಬ್ಯಾಟರಿಯ ಆರೋಗ್ಯದ ವರದಿಯನ್ನು ಲಿಖಿತವಾಗಿ ಕೇಳಿ. ವಾರಂಟಿಯಲ್ಲಿ ಎಂಟು ವರ್ಷ ಎಂದಷ್ಟೇ ಅಲ್ಲ, ಸಾಮರ್ಥ್ಯ ಎಷ್ಟು ಶೇಕಡಾಕ್ಕಿಂತ ಕೆಳಗಿಳಿದರೆ ಬದಲಿಸುತ್ತಾರೆ ಎಂದೂ ಬರೆದಿರುತ್ತದೆ.

ಕರೆಂಟು ಹೋದರೆ ಬಾಗಿಲೇ ತೆರೆಯುವುದಿಲ್ಲವಂತೆ?

ನನ್ನ ಮಟ್ಟಿಗೆ ಬೆಂಕಿಗಿಂತ ಮೊದಲು ಕಲಿಯಬೇಕಾದ ವಿಷಯ ಇದು. ವಿದ್ಯುತ್ತಿನಿಂದ ತೆರೆಯುವ ಹಿಡಿಕೆಗಳಿರುವ ಕಾರಿನಲ್ಲಿ 12 ವೋಲ್ಟ್ ಸತ್ತರೆ ಹೊರಗಿನಿಂದ ಬಾಗಿಲು ತೆರೆಯದೇ ಇರಬಹುದು. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ 2021ರ ಸುಮಾರು 1.74 ಲಕ್ಷ ಟೆಸ್ಲಾ ಮಾಡೆಲ್ ವೈ ಕಾರುಗಳ ಬಗ್ಗೆ ವಿಚಾರಣೆ ಆರಂಭಿಸಿತು. ಮಕ್ಕಳು ಒಳಗೆ ಸಿಕ್ಕಿಬಿದ್ದು ಪೋಷಕರು ಗಾಜು ಒಡೆದ ದೂರುಗಳೇ ಅದಕ್ಕೆ ಕಾರಣ. ಚೀನಾ ಬಾಗಿಲಿಗೆ ಯಾಂತ್ರಿಕ ಹಿಡಿಕೆ ಕಡ್ಡಾಯ ಮಾಡುವ ನಿಯಮವನ್ನೂ ರೂಪಿಸಿದೆ.

ಇಂದೇ ಕಾರಿನ ಪುಸ್ತಕ ತೆರೆದು ಕೈಯಿಂದ ಬಾಗಿಲು ತೆರೆಯುವ ಲಿವರ್ ಎಲ್ಲಿದೆ ನೋಡಿ. ಹಿಂದಿನ ಸೀಟಿನದನ್ನೂ ನೋಡಿ, ಕೆಲವು ಕಾರುಗಳಲ್ಲಿ ಅದು ಕಣ್ಣಿಗೆ ಬೀಳದ ಜಾಗದಲ್ಲಿರುತ್ತದೆ. ಅಜ್ಜಿ, ಮಕ್ಕಳು, ಡ್ರೈವರ್ ಎಲ್ಲರಿಂದಲೂ ಒಮ್ಮೆ ತೆಗೆಸಿ ಅಭ್ಯಾಸ ಮಾಡಿಸಿ. ಗಾಜು ಒಡೆಯುವ ಪುಟ್ಟ ಸುತ್ತಿಗೆ ಕೈಗೆಟಕುವಂತಿರಲಿ.

ಎದುರಿಗೆ ಏನೂ ಇಲ್ಲದಿದ್ದರೂ ಗಾಡಿ ತಾನೇ ಬ್ರೇಕ್ ಹಾಕುತ್ತದೆ. ಇದು ಇವಿಯ ದೋಷವೇ?

ಅದು ಚಾಲಕ ನೆರವಿನ ಕ್ಯಾಮೆರಾ, ರೇಡಾರ್ ವ್ಯವಸ್ಥೆಯ ದೋಷ. ಪೆಟ್ರೋಲ್ ಕಾರಿನಲ್ಲೂ ಬರುತ್ತದೆ. ಟೆಸ್ಲಾ ಕಾರುಗಳ ಬಗ್ಗೆ ಒಂಬತ್ತು ತಿಂಗಳಲ್ಲಿ 354 ದೂರು ಬಂದ ಮೇಲೆ 2022ರ ಫೆಬ್ರುವರಿಯಲ್ಲಿ ಅಮೆರಿಕದಲ್ಲಿ ವಿಚಾರಣೆ ಶುರುವಾಯಿತು. ನಮ್ಮ ನಗರದ ಅಡ್ಡಾದಿಡ್ಡಿ ಸಂಚಾರದಲ್ಲಿ ಹಿಂದಿನ ಬೈಕ್ ಸವಾರರಿಗೆ ಇದರಿಂದ ಅಪಾಯ ಹೆಚ್ಚು.

ಸದ್ದಿಲ್ಲದ ಗಾಡಿ ಪಾದಚಾರಿಗಳಿಗೆ ಅಪಾಯವಲ್ಲವೇ?

ಹೌದು, ಅದರಲ್ಲೂ ದೃಷ್ಟಿ ಇಲ್ಲದವರಿಗೆ. ಯುರೋಪಿನಲ್ಲಿ 2021ರ ಜುಲೈನಿಂದ ಎಲ್ಲ ಹೊಸ ಎಲೆಕ್ಟ್ರಿಕ್ ಕಾರುಗಳೂ ಕಡಿಮೆ ವೇಗದಲ್ಲಿ ಸದ್ದು ಮಾಡಲೇಬೇಕು. ನಮ್ಮಲ್ಲೂ 2025ರಲ್ಲಿ ಕರಡು ನಿಯಮ ಬಂದಿದೆ. ಸದ್ದು ಕಿರಿಕಿರಿ ಎಂದು ಆ ಸ್ಪೀಕರ್‌ನ ವೈರ್ ತೆಗೆಸುವವರಿದ್ದಾರೆ. ದಯವಿಟ್ಟು ಬೇಡ.

ಅಪಘಾತದಲ್ಲಿ ಎಲೆಕ್ಟ್ರಿಕ್ ಕಾರು ಗಟ್ಟಿಯೇ?

ಬೆಂಗಳೂರಿನವರಿಗೆ ರೇವಾ ನೆನಪಿರುತ್ತದೆ. 2001ರಲ್ಲಿ ಇಲ್ಲಿಂದಲೇ ಬಂದ ಆ ಪುಟ್ಟ ಕಾರು ಬ್ರಿಟನ್ನಿನಲ್ಲಿ ಜಿ-ವಿಜ್ ಹೆಸರಿನಲ್ಲಿ ಓಡಿತು. ಕಾನೂನಿನ ಪ್ರಕಾರ ಅದು ಕಾರಲ್ಲ, ಕ್ವಾಡ್ರಿಸೈಕಲ್ ಎಂಬ ನಾಲ್ಕು ಚಕ್ರದ ಹಗುರ ವಾಹನ. ಹಾಗಾಗಿ ಕಾರುಗಳ ಕ್ರ್ಯಾಶ್ ಪರೀಕ್ಷೆ ಅದಕ್ಕೆ ಕಡ್ಡಾಯವಿರಲಿಲ್ಲ. 2007ರಲ್ಲಿ ಅಲ್ಲಿ ನಡೆದ ಪರೀಕ್ಷೆಯ ಫಲಿತಾಂಶ ಕಳವಳ ಹುಟ್ಟಿಸಿತ್ತು. ಈಗಿನ ಕಾರುಗಳು ಬೇರೆಯೇ ಕಾಲದವು: ಪಂಚ್ ಇವಿ, ನೆಕ್ಸಾನ್ ಇವಿ 2024ರಲ್ಲಿ ಭಾರತ್ ಎನ್‌ಸಿಎಪಿ ಎಂಬ ನಮ್ಮ ದೇಶದ ಕ್ರ್ಯಾಶ್ ಪರೀಕ್ಷೆಯಲ್ಲಿ ಐದು ನಕ್ಷತ್ರ ಪಡೆದಿವೆ. ಆದರೂ ಅಡಿಭಾಗಕ್ಕೆ ಕಲ್ಲು, ಹಂಪ್ ಬಲವಾಗಿ ತಗುಲಿದರೆ ಬ್ಯಾಟರಿ ಪೆಟ್ಟಿಗೆಯನ್ನು ಪರೀಕ್ಷಿಸದೆ ಚಾರ್ಜಿಗೆ ಹಾಕಬೇಡಿ. ಪ್ರವಾಹದ ನೀರಿನಲ್ಲಿ ನಿಂತ ಗಾಡಿಗೂ ಇದೇ ಮಾತು.

ಮನೆಯ ಸಾಕೆಟ್ ಸುಟ್ಟುಹೋಗುತ್ತದೆ, ಚಾರ್ಜಿಂಗ್ ಪದೇ ಪದೇ ನಿಲ್ಲುತ್ತದೆ. ಕಾರಿನ ತಪ್ಪೇ?

ಹೆಚ್ಚಿನ ಸಲ ವೈರಿಂಗ್‌ನ ತಪ್ಪು. ಗೀಸರ್ ಹತ್ತಿಪ್ಪತ್ತು ನಿಮಿಷ ಎಳೆಯುವಷ್ಟೇ ಕರೆಂಟನ್ನು ಕಾರು ಎಂಟು ಹತ್ತು ಗಂಟೆ ಬಿಡದೆ ಎಳೆಯುತ್ತದೆ. ಸಡಿಲ ಸ್ಕ್ರೂ, ತೆಳು ವೈರ್, ಅಗ್ಗದ ಪ್ಲಗ್ ಇದ್ದರೆ ಕಾಯುತ್ತದೆ, ಕರಗುತ್ತದೆ. ಎಕ್ಸ್‌ಟೆನ್ಷನ್ ಬೋರ್ಡ್ ಯಾವ ಕಾರಣಕ್ಕೂ ಬೇಡ. ಮೀಟರ್ ಬೋರ್ಡಿನಿಂದ ಪ್ರತ್ಯೇಕ ಲೈನ್, ಅದಕ್ಕೇ ಎಂಸಿಬಿ (ಹೆಚ್ಚು ಕರೆಂಟು ಹರಿದರೆ ಕಡಿಯುವುದು) ಮತ್ತು ಆರ್‌ಸಿಸಿಬಿ (ಕರೆಂಟು ಸೋರಿದರೆ ಕಡಿಯುವುದು) ಹಾಕಿಸಿ. ಅರ್ಥಿಂಗ್ ಸರಿಯಿಲ್ಲದಿದ್ದರೆ ಕಾರು ಚಾರ್ಜ್ ಆಗಲು ಒಪ್ಪುವುದೇ ಇಲ್ಲ. ಅದು ಕಾರಿನ ದೋಷವಲ್ಲ, ನಿಮ್ಮ ಜೀವ ಕಾಯುವ ವ್ಯವಸ್ಥೆ. ಬಯಲುಸೀಮೆಯಲ್ಲಿ ಬೇಸಿಗೆಗೆ ಅರ್ಥ್ ಗುಂಡಿ ಒಣಗಿಹೋಗುತ್ತದೆ, ಆಗಾಗ ನೀರು ಹೊಯ್ಯಿರಿ. ಅರ್ಥಿಂಗ್‌ಗೆ ಅಡ್ಡದಾರಿ ಹುಡುಕಿ ನ್ಯೂಟ್ರಲ್‌ಗೆ ಸೇರಿಸಿಕೊಡುವ ಎಲೆಕ್ಟ್ರಿಷಿಯನ್‌ನನ್ನು ಮತ್ತೆ ಮನೆಗೆ ಕರೆಯಬೇಡಿ.

ಸರ್ವಿಸ್ ಸೆಂಟರ್‌ನವರು 'ಏನೂ ಪ್ರಾಬ್ಲಂ ಇಲ್ಲ ಸರ್' ಎಂದು ಕಳಿಸುತ್ತಾರೆ. ಏನು ಮಾಡಲಿ?

ಬಂದು ಹೋಗುವ ದೋಷಗಳು ವರ್ಕ್‌ಶಾಪ್‌ನಲ್ಲಿ ಕಾಣಿಸಿಕೊಳ್ಳದಿರುವುದು ಸಾಮಾನ್ಯ. ಅದಕ್ಕೇ ಸಾಕ್ಷ್ಯ ನಿಮ್ಮ ಕೈಯಲ್ಲಿರಬೇಕು. ಎಚ್ಚರಿಕೆ ಬಂದ ಕೂಡಲೇ ಗಾಡಿ ನಿಲ್ಲಿಸಿ ಡಿಸ್‌ಪ್ಲೇಯ ವಿಡಿಯೊ ಮಾಡಿ. ದಿನಾಂಕ, ಓಡಿದ ಕಿಲೋಮೀಟರ್, ಉಳಿದ ಚಾರ್ಜ್ ಅದರಲ್ಲಿ ಕಾಣಲಿ. ಗಾಡಿ ಬಿಡುವಾಗ ಸರ್ವಿಸ್‌ನವರು ಬರೆಯುವ ಜಾಬ್ ಕಾರ್ಡ್‌ನಲ್ಲಿ 'ಜನರಲ್ ಚೆಕಪ್' ಎಂದು ಬರೆಯಲು ಬಿಡಬೇಡಿ. 'ಹೆದ್ದಾರಿಯಲ್ಲಿ ಚಾಲನೆಯಲ್ಲಿದ್ದಾಗ ಶಕ್ತಿ ಕುಂದಿ ನಿಂತಿತು' ಎಂದು ನಿಮ್ಮದೇ ಮಾತು ಬರೆಸಿ, ಪ್ರತಿ ಪಡೆಯಿರಿ. ಗಾಡಿ ವಾಪಸ್ ತೆಗೆದುಕೊಳ್ಳುವಾಗ ಸಿಕ್ಕ ದೋಷದ ಕೋಡ್, ಹಾಕಿದ ಸಾಫ್ಟ್‌ವೇರ್ ಆವೃತ್ತಿ, ಬದಲಿಸಿದ ಭಾಗ, ಇವೆಲ್ಲ ಬಿಲ್ಲಿನಲ್ಲಿರಲಿ, ಬಿಲ್ ಮೊತ್ತ ಸೊನ್ನೆಯಾದರೂ. ಫೋನಿನಲ್ಲಿ ಆಡಿದ ಮಾತನ್ನು ಅಂದೇ ಇಮೇಲ್‌ನಲ್ಲಿ ಕಂಪನಿಗೆ ಬರೆದು ಹಾಕಿ. ಮಾಲೀಕರ ವಾಟ್ಸಾಪ್ ಗುಂಪಿನಲ್ಲಿ ಹಂಚಿಕೊಂಡರೆ ಸಮಾಧಾನ ಸಿಗುತ್ತದೆ, ದಾಖಲೆ ಆಗುವುದಿಲ್ಲ.

ಅಧಿಕೃತವಾಗಿ ದೂರು ಕೊಡುವುದು ಎಲ್ಲಿ?

ಎರಡು ದಾರಿ, ಎರಡನ್ನೂ ಹಿಡಿಯಬಹುದು.

ಸುರಕ್ಷತೆಯ ದೋಷವಾದರೆ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ರಿಕಾಲ್ ಪೋರ್ಟಲ್. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 110ಎ ಕಲಮಿನಡಿ ಸರ್ಕಾರ ಕಂಪನಿಗೆ ರಿಕಾಲ್ ಆದೇಶ ಕೊಡಬಹುದು. 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮ ಏಳು ವರ್ಷದೊಳಗಿನ ವಾಹನಗಳಿಗೆ ಅನ್ವಯ. ದಂಡ ಒಂದು ಕೋಟಿ ರೂಪಾಯಿವರೆಗೆ. ಈ ನಿಯಮದಲ್ಲಿ ದೂರುಗಳ ಸಂಖ್ಯೆಗೆ ಬೆಲೆಯಿದೆ: ವರ್ಷಕ್ಕೆ 501ರಿಂದ 10,000 ಮಾರಾಟವಾಗುವ ಕಾರಿಗೆ 1,050, ಅದಕ್ಕೂ ಹೆಚ್ಚು ಮಾರಾಟವಾಗುವುದಕ್ಕೆ 1,250 ದೂರುಗಳು ಬಂದರೆ ರಿಕಾಲ್‌ನ ಮಾತು ಬರುತ್ತದೆ. ನಿಮ್ಮ ಗಾಡಿ ಸರಿಹೋಗಿದ್ದರೂ ದೂರು ದಾಖಲಿಸಿ ಎಂದು ನಾನು ಎಲ್ಲರನ್ನೂ ಒತ್ತಾಯಿಸುವುದು ಇದೇ ಕಾರಣಕ್ಕೆ. ಅದೇ ದೋಷದ ಕಾರಿನಲ್ಲಿ ಓಡಾಡುತ್ತಿರುವ ಯಾರದೋ ಮಗುವಿಗೆ ಆ ಎಣಿಕೆ ಬೇಕು.

ಹಣ, ಬದಲಿ ಕಾರು, ಪರಿಹಾರ ಬೇಕಾದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಬೆಲೆ 50 ಲಕ್ಷದವರೆಗಿದ್ದರೆ ಅಲ್ಲೇ ಹೂಡಬಹುದು. ಶೋರೂಂ ಹುಬ್ಬಳ್ಳಿಯಲ್ಲಿದ್ದು ನೀವು ಕಾರವಾರದಲ್ಲಿದ್ದರೆ ಕಾರವಾರದಲ್ಲೇ ಸಾಕು. ಇ-ಜಾಗೃತಿ ತಾಣದಲ್ಲಿ ಮನೆಯಿಂದಲೇ ಸಲ್ಲಿಸಲೂ ಅವಕಾಶವಿದೆ. ತೊಂದರೆ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು. 'ನೋಡೋಣ, ಮುಂದಿನ ಅಪ್‌ಡೇಟ್‌ನಲ್ಲಿ ಸರಿಹೋಗುತ್ತದೆ' ಎಂಬ ಮಾತು ಕೇಳುತ್ತಾ ಕೂತರೆ ಆ ಅವಧಿ ಮುಗಿದುಬಿಡುತ್ತದೆ.

ಸೆಕೆಂಡ್ ಹ್ಯಾಂಡ್ ಇವಿ ಕೊಳ್ಳುವಾಗ ಏನೇನು ನೋಡಬೇಕು?

ಚಾಸಿ ಸಂಖ್ಯೆ ಕೊಟ್ಟು ಬಾಕಿ ಉಳಿದ ರಿಕಾಲ್ ಇದೆಯೇ ಎಂದು ಕಂಪನಿಯನ್ನೇ ಕೇಳಿ. ಅಧಿಕೃತ ಸರ್ವಿಸ್ ಸೆಂಟರ್‌ನಿಂದ ಬ್ಯಾಟರಿ ಆರೋಗ್ಯದ ವರದಿ ತರಿಸಿ. ಹಳೆಯ ಜಾಬ್ ಕಾರ್ಡ್‌ಗಳನ್ನು ಓದಿ. ಒಂದೇ ದೂರು ಮೂರು ಸಲ ಕಂಡರೆ ಆ ಗಾಡಿಯನ್ನು ಬಿಡಿ. ಎಸಿ ಚಾರ್ಜಿಂಗ್, ಡಿಸಿ ಫಾಸ್ಟ್ ಚಾರ್ಜಿಂಗ್ ಎರಡನ್ನೂ ಎದುರಿಗೇ ಪರೀಕ್ಷಿಸಿ. ಕೆಲವು ಕಂಪನಿಗಳ 'ಲೈಫ್‌ಟೈಮ್' ಬ್ಯಾಟರಿ ವಾರಂಟಿ ಮೊದಲ ಮಾಲೀಕರಿಗೆ ಮಾತ್ರ. ಎರಡನೆಯವರಿಗೆ ಎಷ್ಟು ವರ್ಷ ಉಳಿಯುತ್ತದೆ ಎಂದು ಮುಂಗಡ ಕೊಡುವ ಮೊದಲೇ ಕಂಪನಿಯಿಂದ ಇಮೇಲ್‌ನಲ್ಲಿ ಉತ್ತರ ಪಡೆಯಿರಿ.